ಟ್ರ್ಯಾಕಿಗಿಳಿಸುವ ಹಳೆಯ ಕಂಟೆಸ್ಸಾ ಮತ್ತು 118ಎನ್‌ಇ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹಿಂದಿನ ಗಾಲಿಗಳು ತಳ್ಳುವ ಸೆಡಾನ್ ಗಾಡಿ ಕಡಿಮೆ ದುಡ್ಡಿನಲ್ಲಿ ಬೇಕೆಂದು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹುಡುಕುವವರ ಕಣ್ಣು ಕೊನೆಗೆ ಹೆಚ್ಚಾಗಿ ಎರಡು ಗಾಡಿಗಳ ಮೇಲೆ ನಿಲ್ಲುತ್ತದೆ. ಒಂದು, 1984ರಿಂದ 2002ರವರೆಗೆ ತಯಾರಾದ ಹಿಂದುಸ್ತಾನ್ ಕಂಟೆಸ್ಸಾ. ಇನ್ನೊಂದು, 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ. ಕಂಟೆಸ್ಸಾದ ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ಗಾಡಿ, ಅದರ ಕ್ಲಾಸಿಕ್ ಮಾದರಿಯಲ್ಲಿ ಇಸುಝು 1.8 ಲೀಟರ್ ಎಂಜಿನ್ ಇದೆ. 118ಎನ್‌ಇ ಗಾಡಿಯ ಮೈಕಟ್ಟು ಫಿಯೆಟ್ 124ರ ವಂಶದ್ದು, ಎಂಜಿನ್ ನಿಸಾನ್ ಕಂಪನಿಯ 1171 ಸಿಸಿ ಎ12. ಎರಡರಲ್ಲೂ ಎಂಜಿನ್ನಿನ ಬಲ ಹಿಂದಕ್ಕೆ ಒಯ್ಯುವ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಗಾಡಿಯ ಹೊಟ್ಟೆಯಡಿ ಹಾದು ಹಿಂದಿನ ಇಡೀ ಆಕ್ಸಲಿಗೆ ಕೂಡುತ್ತದೆ.

ನಮ್ಮ ಮೂರು ಜಿಲ್ಲೆಗಳಿಂದ ರೇಸ್ ಟ್ರ್ಯಾಕ್ ದೂರ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಆಗಲಿ, ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಟ್ರ್ಯಾಕ್ ಆಗಲಿ, ಬೆಳಗಾವಿಯಿಂದ ಸುಮಾರು 800 ಕಿಲೋಮೀಟರ್. ಮನೆಯಂಗಳದಲ್ಲಿ ನೂರು ರೂಪಾಯಿಗೆ ಸಿಕ್ಕಿಬೀಳಬೇಕಾಗಿದ್ದ ದೋಷ ಅಲ್ಲಿ ಕಾಣಿಸಿಕೊಂಡರೆ, ಗಾಡಿಯನ್ನು ಲಾರಿ ಮೇಲೆ ಹೇರಿ ತರುವ ಖರ್ಚು ಗಾಡಿಯ ಬೆಲೆಯನ್ನೇ ನಾಚಿಸುತ್ತದೆ. ಇನ್ನೊಂದು ಮಾತು: ಟ್ರ್ಯಾಕಿನಲ್ಲಿ ಕಾಣುವ ದೋಷಗಳಲ್ಲಿ ಬಹುಪಾಲು ಊರಲ್ಲಿ ಓಡಿಸುವಾಗಲೂ ಇದ್ದವೇ, ಊರಿನ ವೇಗದಲ್ಲಿ ಅವು ಬಾಯಿ ಬಿಡುವುದಿಲ್ಲ, ಅಷ್ಟೆ. ಆದ್ದರಿಂದ ಕಂಪನಿಯಿಂದ ಬಂದ ಸ್ಥಿತಿಗೆ ಗಾಡಿಯನ್ನು ತರುವ ಮೊದಲು ದೊಡ್ಡ ಕಾರ್ಬುರೇಟರ್, ಗಿಡ್ಡ ಸ್ಪ್ರಿಂಗ್ ಎಂದು ಹಣ ಸುರಿಯುವುದು ದೋಷದ ಮೇಲೆ ದೋಷ ಹೇರಿದಂತೆಯೇ.

ಕೆಲಸಕ್ಕೆ ಕೈ ಹಚ್ಚುವ ಮೊದಲು

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಕಬ್ಬಿಣದ ಸ್ಟ್ಯಾಂಡ್ ಬೇಕೇ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸುವುದು ನಮ್ಮಲ್ಲಿ ಸಾಮಾನ್ಯವಾದರೂ ಅವು ಮುನ್ಸೂಚನೆ ಕೊಡದೆ ಸಿಡಿದು ಒಡೆಯುತ್ತವೆ. ಹಿಂದಿನ ಗಾಲಿ ಓಡುವ ಗಾಡಿಯಲ್ಲಿ ಇನ್ನೊಂದು ಅಪಾಯವೂ ಇದೆ. ಹಿಂದಿನ ಒಂದು ಗಾಲಿಯನ್ನು ನೆಲದಿಂದ ಎತ್ತಿದ ಕೂಡಲೇ, ಗೇರಿನಲ್ಲಿಟ್ಟಿದ್ದರೂ ಗಾಡಿ ಉರುಳಬಲ್ಲದು, ಏಕೆಂದರೆ ಹಿಂದಿನ ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಮೂಲಕ ಎತ್ತಿದ ಗಾಲಿ ತಿರುಗಿ ನೆಲದ ಗಾಲಿಗೆ ದಾರಿ ಬಿಡುತ್ತದೆ. ಎರಡನ್ನೂ ಎತ್ತಿದರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ, ಅದು ಹಿಡಿಯುವುದು ಆ ಎರಡೇ ಗಾಲಿಗಳನ್ನು. ಆದ್ದರಿಂದ ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಗಟ್ಟಿ ಒಟ್ಟು (ಉರುಳದಂತೆ ಅಡ್ಡ ಇಡುವ ತುಂಡು) ಕೊಟ್ಟೇ ಹಿಂಭಾಗ ಎತ್ತಬೇಕು. ಪೆಟ್ರೋಲ್ ಪೈಪ್ ಬಿಚ್ಚುವಾಗ ಬ್ಯಾಟರಿ ತಂತಿ ಕಳಚಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಪರೀಕ್ಷೆಯ ನೆಪದಲ್ಲಿ ಹೆದ್ದಾರಿಯಲ್ಲಿ ವೇಗ ತೋರಿಸುವ ಅಗತ್ಯವೇ ಇಲ್ಲ. ಇಲ್ಲಿ ಹೇಳಿರುವ ರಸ್ತೆ ಪರೀಕ್ಷೆಗಳೆಲ್ಲ ಕಾನೂನಿನ ವೇಗದೊಳಗೇ ಆಗುವಂಥವು.

ಮೂರ್ನಾಲ್ಕು ಸುತ್ತಿಗೆ ಟೆಂಪರೇಚರ್ ಮುಳ್ಳು ಏರುತ್ತದೆ

ಮುಳ್ಳು ಯಾವಾಗ ಏರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ನಿಂತಾಗ, ನಿಧಾನವಾಗಿ ಹೋಗುವಾಗ ಏರಿ, ವೇಗ ಹಿಡಿದಾಗ ಇಳಿದರೆ ಗಾಳಿಯ ಕೊರತೆ: ಫ್ಯಾನ್, ಬೆಲ್ಟ್, ಫ್ಯಾನ್ ಸುತ್ತಲಿನ ಕವಚ ನೋಡಿ. ನಿಧಾನಕ್ಕೆ ಹೋಗುವಾಗ ಸರಿಯಿದ್ದು, ಒಂದೇ ಸಮನೆ ವೇಗವಾಗಿ ಓಡಿಸಿದಾಗ ಏರಿದರೆ ನೀರಿನ ಹರಿವು ಸಾಲದು, ಇಲ್ಲವೇ ಎಂಜಿನ್ ಉರಿಸುವ ಬಗೆಯಲ್ಲೇ ತಪ್ಪಿದೆ.

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬೆಳಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೀರಿನ ಮಟ್ಟ, ಬಣ್ಣ ನೋಡಿ. ಬಿಸಿ ಇರುವಾಗ ಆ ಕ್ಯಾಪಿಗೆ ಕೈ ಹಚ್ಚಲೇಬಾರದು. ಒತ್ತಡ ಬಿಟ್ಟ ಕ್ಷಣ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ, 0.9 ಬಾರ್ ಒತ್ತಡ ಹಿಡಿದಿಡುವ ಕ್ಯಾಪ್ ಸರಿಯಾಗಿ ಕೂತಿದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯದು. ರಬ್ಬರ್ ವಾಷರ್ ಬಿರಿದ ಕ್ಯಾಪ್ ಈ ಇಡೀ ರಕ್ಷಣೆಯನ್ನು ಕಳೆಯುತ್ತದೆ. ಆದ್ದರಿಂದ ಇಡೀ ಪಟ್ಟಿಯಲ್ಲಿ ಮೊದಲು ಬದಲಿಸಬೇಕಾದ ವಸ್ತು ಅದೇ.

ಮುಂದಿನದು ರೇಡಿಯೇಟರ್. ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ಲಿನ ಸವಳು ನೀರು ವರ್ಷಗಟ್ಟಲೆ ಸುರಿದ ಗಾಡಿಯ ರೇಡಿಯೇಟರ್ ಕೊಳವೆಗಳಲ್ಲಿ ಬಿಳಿ ಗಾರೆ ಕಟ್ಟಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಆರಿಸಿ, ಫ್ಯಾನ್ ನಿಂತದ್ದು ಖಚಿತವಾದ ಬಳಿಕ, ಕೋರಿನ (ರೇಡಿಯೇಟರಿನ ಜಾಲರಿ ಭಾಗ) ಹತ್ತಿರ ಅಂಗೈ ಹಿಡಿದು ಮೇಲಿನಿಂದ ಕೆಳಗೆ ಸರಿಸಿ ನೋಡಿ. ಸುತ್ತಲೂ ಬಿಸಿಯಿದ್ದು ನಡುವೆ ಒಂದು ಪಟ್ಟಿ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಅಂಥ ಕೋರನ್ನು ರೇಡಿಯೇಟರ್ ರಿಪೇರಿಯವರಲ್ಲಿ ಬಿಚ್ಚಿಸಿ ಸರಳು ಹಾಯಿಸಿ ತೊಳೆಸಬೇಕು. ಮುಂದೆ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಬಿಟ್ಟು ಬೇರೇನನ್ನೂ ಸುರಿಯಬೇಡಿ. ಕಬ್ಬಿನ ಹಂಗಾಮಿನಲ್ಲಿ ಓಡಿದ ಗಾಡಿಯಾದರೆ ಕೋರಿನ ಹೊರಗಣ ರೆಕ್ಕೆಗಳಲ್ಲೂ ಧೂಳು, ರವದಿ ಚೂರು ತುಂಬಿರುತ್ತದೆ. ಹಿಂದಿನಿಂದ ಮುಂದಕ್ಕೆ ನೀರು ಹೊಡೆದರೆ ಸಾಕು.

ಇನ್ನು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್. "ಸಾಹೇಬ್ರ, ಆ ವಾಲ್ ತಗದ ಒಗದಬಿಡ್ರಿ, ಗಾಡಿ ತಂಪ ಇರತೈತಿ" ಎಂದು ಮಿಸ್ತ್ರಿಗಳು ಹೇಳುವುದನ್ನು ಕೇಳದವರು ಕಡಿಮೆ. ನಮ್ಮ ಬಿಸಿಲಲ್ಲಿ ನಿಧಾನವಾಗಿ ಓಡುವ ಗಾಡಿಗೆ ಅದು ನಡೆದೀತು. ಟ್ರ್ಯಾಕಿಗೆ ಹೋಗುವ ಗಾಡಿಗೆ ಒಪ್ಪುವಂಥದ್ದಲ್ಲ. ವಾಲ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡ, ಅಷ್ಟರೊಳಗೆ ಸವೆತ ಹೆಚ್ಚು, ಜೊತೆಗೆ ನಿಜವಾದ ದೋಷ ಮರೆಯಾಗಿ ಉಳಿಯುತ್ತದೆ. ವಾಲನ್ನು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ತಳ ಮುಟ್ಟದಂತೆ ಹಿಡಿದು, ಅಡುಗೆಯ ಥರ್ಮಾಮೀಟರ್ ಜೊತೆ ಒಲೆಯ ಮೇಲೆ ಕಾಯಿಸಿ. ಅದರ ಮೇಲೆ ಒತ್ತಿರುವ ಅಂಕಿ 82 ಎಂದಿದ್ದರೆ ಆ ಆಸುಪಾಸಿನಲ್ಲಿ ಹಿತ್ತಾಳೆಯ ತಟ್ಟೆ ಮೆಲ್ಲನೆ ಮೇಲೇಳಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಅರ್ಧಕ್ಕೇ ನಿಂತರೆ ಹೊಸದು ತನ್ನಿ.

ಇವೆಲ್ಲ ಸರಿಯಿದ್ದೂ ಮುಳ್ಳು ಏರಿದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ಮತ್ತು ಪೆಟ್ರೋಲ್-ಗಾಳಿಯ ಮಿಶ್ರಣ ನೋಡಬೇಕು. ಟೈಮಿಂಗ್ ತಡವಾಗಿದ್ದರೆ ಶಾಖ ನೀರಿಗೆ ಹೋಗುತ್ತದೆ. ಬೆಳಗಾವಿಯ ತೆಳು ಗಾಳಿಗೆ ಹೊಂದಿಸಿದ ಕಾರ್ಬುರೇಟರ್, ಸಮುದ್ರ ಮಟ್ಟಕ್ಕೆ ಹತ್ತಿರವಿರುವ ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬ ಸ್ಥಿತಿಗೆ ಬರುತ್ತದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಅದನ್ನು ಇನ್ನಷ್ಟು ಅದೇ ದಿಕ್ಕಿಗೆ ತಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ತಿಳಿ ಕಂದು ಬಣ್ಣದ ಬದಲು ಸುಣ್ಣದಂಥ ಬಿಳುಪು ಕಂಡರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ಒಂದಳತೆ ದೊಡ್ಡದು ಬೇಕೆಂದು ತಿಳಿಯಿರಿ.

ನಿಲ್ಲಿಸಲೇಬೇಕಾದ ಗುರುತುಗಳಿವು: ತಣ್ಣನೆಯ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಆಯಿಲ್ ಕ್ಯಾಪಿನ ಒಳಗೆ ಕೆನೆಯಂಥ ಹಳದಿ ಅಂಟು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಲ್ಯೂಮಿನಿಯಂ ಹೆಡ್ ಒಮ್ಮೆ ಕಾದು ಬಾಗಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಪ್ರಯೋಜನವಿಲ್ಲ. ಮೇಲ್ಮೈ ಅಳೆದು ಸಮ ಮಾಡಿಸಬೇಕು. ಎರಕ ಮತ್ತು ಯಂತ್ರದ ಕೆಲಸಕ್ಕೆ ಹೆಸರಾದ ಬೆಳಗಾವಿಯ ಉದ್ಯಮಬಾಗದಂಥ ಜಾಗ ಹತ್ತಿರವಿರುವುದು ಇಂಥ ಹೊತ್ತಿನಲ್ಲಿ ನಮ್ಮ ಪುಣ್ಯ.

ಬ್ರೇಕ್ ಪೆಡಲ್ ಮೊದಲಿನಂತಿಲ್ಲ

ಪೆಡಲ್ ಕೆಟ್ಟಿದೆ ಎಂದಷ್ಟೇ ಹೇಳಿದರೆ ದೋಷ ಸಿಗದು. ಹೇಗೆ ಕೆಟ್ಟಿದೆ ಎಂಬುದರಲ್ಲೇ ಉತ್ತರವಿದೆ.

ಕೆಲವು ಸುತ್ತಿನ ಬಳಿಕ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ, ಎರಡು ಮೂರು ಸಲ ಒತ್ತಿದರೆ ಮೇಲೆ ಬಂದು, ತಣ್ಣಗಾದ ಮೇಲೆ ಬಹುಮಟ್ಟಿಗೆ ಸರಿಹೋದರೆ, ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ. ತೇವ ಹೀರಿದ ಸ್ಥಿತಿಗೆ ಮಾನಕ ಕೇಳುವುದು 140 ಮಾತ್ರ. ಡಾಟ್ 4ಕ್ಕೆ ಇವು 230 ಮತ್ತು 155. ಹಿಂದಿನ ಮಾಲೀಕ ಆಯಿಲನ್ನು ಎಂದಾದರೂ ಬದಲಿಸಿದ್ದನೆಂದು ನಂಬುವ ಕಾರಣವೇ ಇಲ್ಲ. ಡಬ್ಬಿಯಲ್ಲಿ ಅದು ಚಹಾದ ಬಣ್ಣಕ್ಕೆ ತಿರುಗಿದ್ದರೆ ಸಾಕ್ಷಿ ಅಲ್ಲೇ ಇದೆ. ಸೀಲ್ ಒಡೆಯದ ಹೊಸ ಡಬ್ಬಿಯ ಡಾಟ್ 4 ತಂದು, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರು ಮಾಡಿ, ಹೊಸ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ನಾಲ್ಕೂ ಕಡೆ ಬ್ಲೀಡ್ ಮಾಡಿ, ಅಂದರೆ ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಹಾಕಿ. ಡಾಟ್ 5 ಎಂಬ ಸಿಲಿಕಾನ್ ಆಯಿಲ್ ಬೇರೆ ಜಾತಿಯದು, ಅದನ್ನು ಇವುಗಳೊಡನೆ ಬೆರೆಸಬಾರದು. ನನ್ನನ್ನು ಕೇಳಿದರೆ, ಟ್ರ್ಯಾಕಿಗೆ ಹೋಗುವ ಹಳೆಯ ಗಾಡಿಗೆ ಮಾಡುವ ಮೊದಲ ಖರ್ಚು ಇದೇ ಆಗಿರಬೇಕು.

ಪೆಡಲ್ ಗಟ್ಟಿಯಾಗಿಯೇ ಇದೆ, ಕಾಲಿನ ಬಲವೆಲ್ಲ ಹಾಕಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಆಯಿಲಿನದಲ್ಲ, ಪ್ಯಾಡಿನ ತಪ್ಪು. ಅಗ್ಗದ ಪ್ಯಾಡ್ ಅಷ್ಟು ಶಾಖಕ್ಕೆ ಹಿಡಿತ ಬಿಡುತ್ತದೆ, ಅದರ ಮುಖ ಗಾಜಿನಂತೆ ಹೊಳೆಯುತ್ತದೆ. ಆದರೆ ಶಾಖವಿಲ್ಲದಾಗಲೂ ಪೆಡಲ್ ಕಲ್ಲಾಗಿದ್ದರೆ, ಕಾಲಿನ ಬಲಕ್ಕೆ ನೆರವಾಗುವ ಸರ್ವೋ ನೋಡಿ: ಎಂಜಿನ್ ಆರಿಸಿ ನಾಲ್ಕೈದು ಸಲ ಪೆಡಲ್ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್ ಬಿರಿದಿದೆ ಅಥವಾ ಸರ್ವೋ ಸತ್ತಿದೆ. ಪೈಪಿನ ಬೆಲೆ ಅಲ್ಪ, ಮೊದಲು ಅದನ್ನೇ ನೋಡಿ.

ತಿರುವು ದಾಟಿದ ಕೂಡಲೇ ಮೊದಲ ಒತ್ತಿಗೆ ಪೆಡಲ್ ಆಳಕ್ಕೆ ಹೋಗಿ, ಎರಡನೆಯ ಒತ್ತಿಗೆ ಗಟ್ಟಿಯಾಗುವ ಲಕ್ಷಣವನ್ನು ಬಹಳ ಜನ ಗಾಳಿ ಹೊಕ್ಕಿದೆ ಎಂದು ತಿಳಿದು ಸುಮ್ಮನೆ ಬ್ಲೀಡ್ ಮಾಡುತ್ತ ಕೂರುತ್ತಾರೆ. ಮುಂದಿನ ಗಾಲಿಯ ಬೇರಿಂಗ್ ಸಡಿಲವಾಗಿದ್ದರೆ ತಿರುವಿನಲ್ಲಿ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಮುಂದಿನ ಒತ್ತು ಆ ಸಂದು ತುಂಬಲಿಕ್ಕೇ ಮುಗಿಯುತ್ತದೆ. ಗಾಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಗೊತ್ತಾಗುತ್ತದೆ.

ನಿಂತಲ್ಲೇ ಪೆಡಲ್ ಒತ್ತಿ ಹಿಡಿದಾಗ ಅದು ಮೆಲ್ಲನೆ ನೆಲದ ಕಡೆ ಇಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೇ ಸೋರುತ್ತಿದೆ, ಇಲ್ಲವೇ ಎಲ್ಲೋ ಹೊರಗೆ ಸೋರುತ್ತಿದೆ. ಇಲ್ಲಿಗೆ ನಿಲ್ಲಿಸಿ, ಆ ಗಾಡಿ ಟ್ರ್ಯಾಕಿಗಿರಲಿ, ಪೇಟೆಗೂ ಹೋಗಬಾರದು. ಬ್ರೇಕಿನ ಕೆಲಸ ಹಿಂದೆ ಮಾಡದವರು ಸಿಲಿಂಡರ್ ಬಿಚ್ಚುವ ಹಂತಕ್ಕೆ ಅನುಭವಿ ಮಿಸ್ತ್ರಿಯನ್ನು ಕೂರಿಸಿಕೊಳ್ಳಬೇಕು.

ಟ್ರ್ಯಾಕಿನಿಂದ ಬಿಸಿಬಿಸಿ ಬಂದ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಗಾಲಿಗೆ ಒಟ್ಟು ಕೊಡಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನಕ್ಕೆ ಹಾಕಿದರೆ ಡಿಸ್ಕುಗಳು ಬದುಕುತ್ತವೆ.

ಉದ್ದ ತಿರುವಿನಲ್ಲಿ ಆಯಿಲ್ ದೀಪ ಮಿಣುಕುತ್ತದೆ

ಈ ದೀಪಕ್ಕೆ ಎರಡನೆಯ ಅವಕಾಶ ಕೊಡುವಂತಿಲ್ಲ. ಅದು ಹೊತ್ತಿಕೊಳ್ಳುವುದು ಒತ್ತಡ ಬಹುತೇಕ ಸತ್ತ ಮೇಲೆಯೇ. ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಎಂಜಿನ್ ಆರಿಸಿ, ಗಾಡಿಯನ್ನು ಪಕ್ಕಕ್ಕೆ ಉರುಳಲು ಬಿಡಿ. ಚಾವಿಯನ್ನು ಒಂದೇ ಹೆಜ್ಜೆ ಹಿಂದಕ್ಕೆ ತಿರುಗಿಸಬೇಕು, ಪೂರ್ತಿ ತಿರುಗಿಸಿ ಕಿತ್ತರೆ ಸ್ಟೇರಿಂಗ್ ಲಾಕ್ ಆಗಬಹುದು. ಎಂಜಿನ್ ಆರಿದ ಮೇಲೆ ಸರ್ವೋ ಬಲ ಒಂದೆರಡು ಒತ್ತಿಗಷ್ಟೇ ಉಳಿಯುತ್ತದೆ ಎಂಬುದೂ ನೆನಪಿರಲಿ.

ತಿರುವಿನಲ್ಲಿ ಮಾತ್ರ ಮಿಣುಕಿ ನೇರದಲ್ಲಿ ಆರಿದರೆ, ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಗಾಳಿ ಕುಡಿಯುತ್ತಿದೆ. ಮೊದಲು ಸಮತಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮೇಲಿನ ಗೆರೆಯವರೆಗೆ ಇರಲೇಬೇಕು, ನಡುವೆ ಇದ್ದರೆ ಸಾಲದು. ಅಷ್ಟಿದ್ದೂ ಮಿಣುಕಿದರೆ ಸಂಪಿನೊಳಗೆ ತಡೆತಗಡು ಬೆಸೆಸಬೇಕಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಮಿಣುಕಿದರೆ ಆಯಿಲ್ ತೆಳುವಾಗಿದೆ, ಇಲ್ಲವೇ ಬೇರಿಂಗ್ ಸವೆದಿವೆ. ಒತ್ತಡದ ಸ್ವಿಚ್ಚೇ ಸುಳ್ಳು ಹೇಳುತ್ತಿರಲೂಬಹುದು, ಆದ್ದರಿಂದ ಅದರ ಜಾಗದಲ್ಲಿ ಗೇಜ್ ಜೋಡಿಸಿ ಅಳೆದ ಮೇಲೆಯೇ ಎಂಜಿನ್ ಬಿಚ್ಚುವ ಮಾತಾಡಿ. ಕೆಳಗಿನಿಂದ ಭಾರದ ಬಡಿತ ಕೇಳಿದರೆ ಮಾತ್ರ ಗೇಜೂ ಬೇಡ, ಮತ್ತೆ ಚಾಲೂ ಮಾಡುವುದೂ ಬೇಡ.

ತಿರುವಿನಿಂದ ಹೊರಬರುವಾಗ ಎಂಜಿನ್ ತಡವರಿಸುತ್ತದೆ

ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ತುಂಬಿಸಿ ಮತ್ತೆ ನೋಡಿ. ಕೆಲವೊಮ್ಮೆ ಕಥೆ ಅಲ್ಲಿಗೇ ಮುಗಿಯುತ್ತದೆ. ಎಡ ತಿರುವಿಗೆ ಮಾತ್ರ ಅಥವಾ ಬಲ ತಿರುವಿಗೆ ಮಾತ್ರ ತಡವರಿಸಿದರೆ ಕಾರ್ಬುರೇಟರಿನ ಫ್ಲೋಟ್ ಮಟ್ಟದ ದೋಷ. ಉದ್ದ ನೇರದ ಕೊನೆಯಲ್ಲಿ ಶಕ್ತಿ ಬತ್ತಿದರೆ ಫಿಲ್ಟರ್ ಅಥವಾ ಪಂಪ್ ಪೆಟ್ರೋಲನ್ನು ಬೇಕಾದಷ್ಟು ಕೊಡುತ್ತಿಲ್ಲ. ಪಾರದರ್ಶಕ ಫಿಲ್ಟರಿನ ತಳದಲ್ಲಿ ಕೆಂಪು ಕಸ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ, ಫಿಲ್ಟರ್ ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ. ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಚಾಲೂ ಮಾಡಲು ಹೋದಾಗ ಹಠ ಹಿಡಿದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದವರಿಗೆ ಇದು ಹೊಸದೇನಲ್ಲ.

ಇ20 ಪೆಟ್ರೋಲಿನ ಎಥೆನಾಲ್ ಆ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಪ್ರತಿ ರಬ್ಬರ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ: ಬಿರುಕು, ಅಂಟಂಟು, ಉಬ್ಬು ಯಾವುದಿದ್ದರೂ ಎಥೆನಾಲ್ ತಾಳುವ ಪೈಪ್ ಹಾಕಿಸಿ. ಪಂಪಿನ ಡಯಾಫ್ರಾಮ್ ಕೂಡ ಇದೇ ಪಂಕ್ತಿಯದು. ಕಾದ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಹನಿಯುವ ಗಾಡಿಯನ್ನು ಮುಂದಕ್ಕೆ ಓಡಿಸುವ ಪ್ರಶ್ನೆಯೇ ಬರುವುದಿಲ್ಲ.

ಪೆಟ್ರೋಲ್ ಸರಿಯಿದ್ದು, ಬಿಸಿಯಾದ ಮೇಲೆ ಮಾತ್ರ ಫಟ್ ಫಟ್ ಎಂದು ತಪ್ಪಿದರೆ ಕಿಡಿ ಕೊಡುವ ವ್ಯವಸ್ಥೆಯ ಪಾಯಿಂಟ್, ಕಂಡೆನ್ಸರ್ ಬದಲಿಸಿ. ಎರಡೂ ಅಗ್ಗ.

ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ನೇರದಲ್ಲೂ ಹೀಗಾದರೆ ಕ್ಲಚ್ ಜಾರುತ್ತಿದೆ. ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವೇಗ ಏರದೆ ಸದ್ದು ಮಾತ್ರ ಏರುವುದು ಅದರ ಗುರುತು. ಪೆಡಲಿನ ಆಟ ಹೊಂದಿಸಿ ನೋಡಿ, ಜಾರುವುದು ನಿಲ್ಲದಿದ್ದರೆ ಕ್ಲಚ್ ಪ್ಲೇಟಿನ ದೋಷ. ತಿರುವಿನಲ್ಲಿ ಮಾತ್ರ ಹೀಗಾದರೆ ಅದು ದೋಷವಲ್ಲ: ಒಳಬದಿಯ ಹಿಂದಿನ ಗಾಲಿ ಹಗುರಾಗಿ ತಿರುಗುತ್ತದೆ, ತೆರೆದ ಡಿಫರೆನ್ಷಿಯಲ್ ಮಾಡುವುದೇ ಹಾಗೆ. ಡಿಫರೆನ್ಷಿಯಲನ್ನು ವೆಲ್ಡ್ ಮಾಡಿಸುವ ಉಪಾಯ ಹೇಳುವವರು ಸಿಗುತ್ತಾರೆ. ಹಾಗೆ ಮಾಡಿದ ಗಾಡಿಯನ್ನು ರಸ್ತೆಯಲ್ಲಿ ತಿರುಗಿಸಿದಾಗೆಲ್ಲ ಆಕ್ಸಲ್ ಶಾಫ್ಟ್ ತಿರುಚಿಕೊಳ್ಳುತ್ತದೆ, ಮುಂಭಾಗ ತಿರುಗಲು ಒಪ್ಪುವುದಿಲ್ಲ. ಟ್ರ್ಯಾಕಿಗೆ ತಾನೇ ಓಡಿಸಿಕೊಂಡು ಹೋಗುವವನಿಗೆ ಅದು ಸಲ್ಲದು.

ಹಿಂದಿನಿಂದ ಸದ್ದು, ನಡುಕ

ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಕಟ್ ಎಂದು ಒಂದೇ ಹೊಡೆತ ಕೇಳಿದರೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಯುಜೆ ಕ್ರಾಸ್, ಮೊದಲ ಅನುಮಾನಿತ. ಪ್ರೊಪೆಲ್ಲರ್ ಶಾಫ್ಟನ್ನು ಒಂದು ಕೈಯಲ್ಲಿ, ಅದರ ಫ್ಲಾಂಜನ್ನು ಇನ್ನೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ನಡುವಿನ ಕ್ರಾಸ್ ಕಣ್ಣಿಗೆ ಕಾಣುವಷ್ಟು ಅಲುಗಿದರೆ, ಇಲ್ಲವೇ ಅದರ ಟೋಪಿಗಳ ಸುತ್ತ ತುಕ್ಕಿನ ಕೆಂಪು ಪುಡಿ ಇದ್ದರೆ ಅದು ಮುಗಿದಿದೆ. ಅದನ್ನು ಹಾಗೇ ಬಿಟ್ಟು ಓಡಿಸುವಂತಿಲ್ಲ, ಮುಂದಿನ ತುದಿ ಕಳಚಿದರೆ ಶಾಫ್ಟ್ ನೆಲಕ್ಕೆ ಊರಿ ಗಾಡಿಯನ್ನೇ ಎತ್ತಿಬಿಡಬಲ್ಲದು. ಕ್ರಾಸ್ ಸರಿಯಿದ್ದರೆ ಆಕ್ಸಲನ್ನು ಬಾಡಿಗೆ ಕೂಡಿಸುವ ಹಿಂದಿನ ತೋಳುಗಳ ರಬ್ಬರ್ ಬುಷ್, ಗೇರ್‌ಬಾಕ್ಸ್ ಮೌಂಟಿಂಗ್ ನೋಡಿ.

ನಡುಕದ ಮೂಲ ತಿಳಿಯಲು ಖಾಲಿ ನೇರ ರಸ್ತೆಯಲ್ಲಿ, ನಡುಕ ಬಂದ ವೇಗದಲ್ಲಿ ನ್ಯೂಟ್ರಲ್ ಮಾಡಿ. ಉಳಿದರೆ ಶಾಫ್ಟ್, ಗಾಲಿ, ಟೈರ್. ಹೋದರೆ ಎಂಜಿನ್ ಕಡೆಯದು. ಎಳೆತದಲ್ಲಿ ಗುಂಯ್ ಎನ್ನುವ ಕೂಗಿದ್ದರೆ ಹಿಂದಿನ ಆಕ್ಸಲ್ ಹೌಸಿಂಗಿನ ಆಯಿಲ್ ಮಟ್ಟ ಮೊದಲು ನೋಡಿ. ಆಯಿಲ್ ತುಂಬಿಯೂ ಕೂಗು ನಿಲ್ಲದಿದ್ದರೆ ಡಿಫರೆನ್ಷಿಯಲಿನ ಕ್ರೌನ್ ಪಿನಿಯನ್ ಗೇರುಗಳ ಹೊಂದಾಣಿಕೆ ಬೇಕು. ಆ ಕೆಲಸ ಅಳತೆ ಉಪಕರಣ ಇರುವವರದ್ದು, ಅಂದಾಜಿನವರದ್ದಲ್ಲ.

ಹಿಂಭಾಗ ಒಂದೇ ಕಡೆಗೆ ಬೇಗ ಜಾರುತ್ತದೆ

ಎರಡೂ ತಿರುವುಗಳಲ್ಲಿ ಸಮನಾಗಿ ಜಾರಿದರೆ ಟೈರ್ ಅಥವಾ ಚಾಲಕ. ಒಂದೇ ಕಡೆಗಾದರೆ ಗಾಡಿ. ಟೈರಿನ ಬದಿಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೇ ಹಲ್ಲಿದ್ದರೂ ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ. ನಂತರ ನಾಲ್ಕೂ ಗಾಲಿಯ ಗಾಳಿ, ಆಮೇಲೆ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿಕೆ, ಕೊನೆಗೆ ಆಕ್ಸಲ್ ಹಿಡಿದಿರುವ ಬುಷ್‌ಗಳು. ಸಪೂರ ಸಬ್ಬಲಿನಿಂದ ಮೀಟಿದಾಗ ಒಂದು ಬದಿಯ ಬುಷ್ ಮಾತ್ರ ಹೆಚ್ಚು ಬಾಗಿದರೆ, ಆ ಬದಿಗೆ ಭಾರ ಬಿದ್ದಾಗ ಆಕ್ಸಲ್ ತಾನೇ ಸ್ಟೇರಿಂಗ್ ಮಾಡುತ್ತಿದೆ ಎಂದರ್ಥ. ಬುಷ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು.

ತೋಳುಗಳು ಬಾಡಿಗೆ ಕೂಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುವುದನ್ನು ಮರೆಯಬೇಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಬಣ್ಣದಡಿ ತುಕ್ಕು ತಿಂದ ತಗಡು ಮಂಕಾಗಿ ಸದ್ದು ಮಾಡುತ್ತದೆ, ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗಿಳಿಯುತ್ತದೆ. ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿದು ಮಾರಿದ ಗಾಡಿಗಳಲ್ಲಿ ಇದು ಅಪರೂಪವಲ್ಲ. ಅಂಥ ಕಡೆ ಹೊಸ ತಗಡು ಕತ್ತರಿಸಿ ಬೆಸೆಯುವ ಬಾಡಿ ಕೆಲಸದವರು ನೋಡಿ ಒಪ್ಪುವವರೆಗೆ ಗಾಡಿಯನ್ನು ಟ್ರ್ಯಾಕಿಗೆ ಒಯ್ಯಬಾರದು.

ಸ್ಟೇರಿಂಗ್ ನಡುಗುತ್ತದೆ

ಒಂದು ನಿರ್ದಿಷ್ಟ ವೇಗದಲ್ಲಿ ನಡುಗಿ ಮುಂದೆ ನಿಂತರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ಮುಖ ಸಮವಿಲ್ಲ. ಲೇಥ್‌ನಲ್ಲಿ ಸವರಿಸುವ ಮೊದಲು ಅದರ ಕನಿಷ್ಠ ದಪ್ಪದ ಅಂಕಿಗಿಂತ ಕೆಳಗಿಳಿಯದು ಎಂಬುದನ್ನು ಅಳೆಸಿಕೊಳ್ಳಿ. ಇದ್ದಕ್ಕಿದ್ದಂತೆ ನಡುಕ ಶುರುವಾಗಿ ಸುತ್ತಿನಿಂದ ಸುತ್ತಿಗೆ ಹೆಚ್ಚಾದರೆ ಆ ಸುತ್ತನ್ನು ಮುಗಿಸಲೂ ಹೋಗದೆ ನಿಧಾನಿಸಿ ಹೊರಬನ್ನಿ, ಗಾಲಿ ನಟ್ ಸಡಿಲವಾಗಿರಬಹುದು. ನಟ್ ಬಿಗಿ ಮಾಡಿ ಮತ್ತೆ ಹೊರಡುವ ಆತುರ ಬೇಡ: ಸಡಿಲ ನಟ್ ಜೊತೆ ಓಡಿದ ಗಾಲಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ಸ್ಟಡ್‌ನ ಎಳೆ ಹರಿದಿದೆಯೇ ಎಂದು ಗಾಲಿ ಬಿಚ್ಚಿ ನೋಡಬೇಕು. ಎರಡರಲ್ಲಿ ಒಂದಿದ್ದರೂ ಗಾಲಿ ಮತ್ತು ಸ್ಟಡ್ ಬದಲಾಗುವವರೆಗೆ ಗಾಡಿ ನಿಂತಲ್ಲೇ ನಿಲ್ಲಬೇಕು.